ಹತ್ತು ಗುಂಟೆಗೊಂದು ಎಕರೆ

ಆಗ ನನಗೆ ಮೂಗಿನ ತುದಿಯಲ್ಲೇ ಕೋಪ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮಧುಗಿರಿಯ ಕಚೇರಿಯೊಂದಕ್ಕೆ ಹೊಸದಾಗಿ ಬಂದಿದ್ದ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿದ್ದವಳು ನಾನೊಬ್ಬಳೇ. ಶಿರಾ, ಕೊರಟಗೆರೆ, ಪಾವಗಡದ ಜಮೀನಿನ ಪುಸ್ತಕಗಳೂ ನಮ್ಮಲ್ಲಿಗೇ ಬರುತ್ತಿದ್ದವು. ಐದು ಎಕರೆಯೊಳಗೆ ಜಮೀನಿದ್ದವರ ಪಟ್ಟಿ ಮಾಡಬೇಕು. ಪಟ್ಟಿಯಲ್ಲಿ ಹೆಸರಿದ್ದರೆ ಸರ್ಕಾರದಿಂದ ಒಂದು ಬಾವಿ.

ಯಂತ್ರಕ್ಕೆ ಅಂಕಿ ಗೊತ್ತು, ಅಕ್ಷರ ಗೊತ್ತು, ಎಕರೆ-ಗುಂಟೆ ಗೊತ್ತಿಲ್ಲ. ಅದಕ್ಕೆಂದೇ ‘ಜಮೀನು’ ಎಂಬ ಹೊಸ ಬಗೆಯ ದತ್ತಾಂಶವನ್ನು ನಾನೇ ಕಟ್ಟಿದ್ದೆ. ನಮ್ಮ ಕಡೆ ಎರಡೆಕರೆ ಎಂಟು ಗುಂಟೆಯನ್ನು 2-8 ಎಂದು ಬರೆಯುತ್ತಾರೆ. ಆ ಗೆರೆ ಕಂಡ ಯಂತ್ರ ಎರಡರಲ್ಲಿ ಎಂಟು ಕಳೆಯಲು ಹೊರಟಿತು. ‘ಗೆರೆ ಬೇಡ, ಚುಕ್ಕಿ ಒತ್ತು’ ಎಂದು ಟೈಪಿಸ್ಟ್ ಹುಡುಗಿಗೆ ಹೇಳಿ, ಭಾರೀ ಬುದ್ಧಿವಂತೆಯಂತೆ ಬೀಗಿದ್ದೆ.

ಪಟ್ಟಿ ಜೀಪಿನಲ್ಲಿ ತುಮಕೂರಿಗೆ ಹೊರಡಬೇಕಾದ ದಿನವೇ ಕೊಡಿಗೇನಹಳ್ಳಿ ಕಡೆಯ ಕುರಿಗಾಹಿ ಅಜ್ಜಿಯೊಬ್ಬಳು ಬಂದಳು.

“ನನ್ ಹೆಸ್ರು ಯಾಕವ್ವ ಬುಟ್ಬುಟ್ರಿ?”

ಪರದೆ ನೋಡಿದೆ. ಐದು ಎಕರೆ ಏಳು ಗುಂಟೆ. “ಐದೆಕರೆ ಮೇಲೆ ಏಳು ಗುಂಟೆ ಇದೆ ಅಜ್ಜಿ, ಬಾವಿ ಬರಲ್ಲ. ಕಂಪ್ಯೂಟರ್ ತಪ್ಪು ಹೇಳಲ್ಲ,” ಎಂದು ಸಿಡುಕಿದೆ.

ಅಜ್ಜಿ ಜಗ್ಗಲಿಲ್ಲ. “ಕುರಿಗೆ ನೀರು ಕುಡ್ಸಕ್ಕೆ ದಿನಾ ಎಲ್ಡು ಮೈಲಿ ಹೊಡ್ಕೊಂಡೋಗ್ತೀನಿ, ಕಾಲು ಸೋತೋಗವೆ,” ಎಂದು ಬೆಂಚಿನ ಮೇಲೆ ಕೂತು ಬೆರಳು ಮಡಿಸಿದಳು. “ಬೆಟ್ಟದ್ ಮಗ್ಗುಲಲ್ಲಿ ಎಲ್ಡೆಕ್ರೆ ಎಂಟು ಗುಂಟೆ. ಹಳ್ಳದ್ ತಾವ ಎಲ್ಡೆಕ್ರೆ ಒಂಬತ್ತು. ಎಂಟೂ ಒಂಬತ್ತೂ ಹದಿನೇಳು. ನಲವತ್ತು ಗುಂಟೆ ಆಗ್ದಂಗೆ ಇನ್ನೊಂದೆಕ್ರೆ ಹೆಂಗಾಯ್ತು ಕಣಮ್ಮ?”

ಅಯ್ಯೋ ದೇವರೇ! ಚುಕ್ಕಿ ಕಂಡದ್ದೇ ತಡ, ನನ್ನ ‘ಜಮೀನು’ ಅದನ್ನು ದಶಾಂಶವೆಂದು ತಿಳಿದು 2.8ಕ್ಕೆ 2.9 ಕೂಡಿ 5.7 ಎಂದಿತ್ತು, ಹತ್ತು ಗುಂಟೆಗೇ ಒಂದು ಎಕರೆ ಮಾಡುತ್ತಿತ್ತು. ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ!

ಎಕರೆ, ಗುಂಟೆ ಎರಡನ್ನೂ ಬೇರೆ ಮಾಡಿದೆ. ಗುಂಟೆ ನಲವತ್ತಾದರೆ ಮಾತ್ರ ಎಕರೆಗೆ ಸೇರಿಸು ಎಂದು ಬರೆದೆ. ಹತ್ತು ಗುಂಟೆಯ ಸೊನ್ನೆ ಉದುರಿ ಒಂದು ಗುಂಟೆಯಾಗಿ ಕೂತಿದ್ದ ಕಡೆಯೆಲ್ಲ ಟೈಪಿಸ್ಟ್ ಪುಸ್ತಕ ನೋಡಿ ತಿದ್ದಿದಳು. ಹೊರಗೆ ಜೀಪು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಹೊಡೆದರೆ ಹೊಡೆಯಲಿ ಎಂದೆ.

ಕೊನೆಗೆ ಪ್ರಿಂಟರು ಕಿರುಗುಟ್ಟಿತು. ನಾಲ್ಕು ಎಕರೆ ಹದಿನೇಳು ಗುಂಟೆ, ಪಕ್ಕದಲ್ಲಿ ಅಜ್ಜಿಯ ಹೆಸರು! ಬಿಟ್ಟುಹೋಗಿದ್ದ ಶಿರಾದವರು, ಪಾವಗಡದವರು ಒಬ್ಬೊಬ್ಬರಾಗಿ ಪಟ್ಟಿಗೆ ಬಂದರು. ಹೋದ ಜೀವ ಬಂದಂತಾಯಿತು.

“ತಪ್ಪು ನನ್ನದೇ ಅಜ್ಜಿ,” ಎಂದೆ.

“ಹೋಗ್ಲಿ ಬುಡವ್ವ,” ಎಂದು ನಕ್ಕಳು. “ನಿನ್ ಮಿಸೀನು ಸುಮ್ಸುಮ್ಕೆ ಕೊಟ್ಟಿತ್ತಲ್ಲ ಮೂವತ್ತು ಗುಂಟೆ, ಅದು ಎಲ್ಲೈತೆ ಅಂತ ಮೊದ್ಲೇ ತೋರ್ಸಿದ್ರೆ ಕುರೀನಾದ್ರೂ ಮೇಯ್ಸ್ಕಂತಿದ್ದೆ.”