ಕರೆದರೆ ತಿರುಗದ ಮಗಳು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಕೊಂಡರೆ ಅರ್ಧ ಮರ್ಯಾದೆಯಾದರೂ ಉಳಿದೀತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದವರನ್ನು ಕಂಡರೂ ನನ್ನ ಹೊಟ್ಟೆ ಉರಿಯುತ್ತದೆ. ಅದು ಸ್ಟಾಪು ಬರುವಷ್ಟರಲ್ಲಿ ಆರುತ್ತದೆ. ಆರದೆ ಉಳಿದದ್ದು ನನ್ನ ಓರಗಿತ್ತಿ ರತ್ನಕ್ಕನ ಮೇಲಿನದು.

ನಮ್ಮದು ಗೌನಿಪಲ್ಲಿಯ ಕೂಡು ಕುಟುಂಬ. ನಾನು ಶ್ರೀನಿವಾಸಪುರದ ಶಾಲೆಯೊಂದರಲ್ಲಿ ಟೀಚರು. ಒಂದೂಕಾಲು ವರ್ಷದ ಮಗಳು ಮಾನ್ವಿಯನ್ನು ರತ್ನಕ್ಕನ ಹತ್ತಿರ ಬಿಟ್ಟು ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದೆ. ಗೇಟಿನಿಂದಲೇ "ಮಾನ್ವೀ" ಎಂದು ಕೂಗುತ್ತಿದ್ದೆ. ಅಂಗಳದಲ್ಲಿ ಬೆನ್ನು ಹಾಕಿ ಕುಳಿತ ಮಗಳು ಉದುರಿದ ಮಾವಿನ ಹೀಚುಗಳನ್ನು ಜೋಡಿಸುತ್ತಲೇ ಇರುತ್ತಿದ್ದಳು. ಒಳಗಿನಿಂದ ರತ್ನಕ್ಕ ಬಂದು ಎದುರಿಗೆ ಕುಳಿತರೆ ಸಾಕು, ಎರಡೂ ಕೈ ಚಾಚಿ ಅವಳ ಮೈಮೇಲೆ ಬೀಳುತ್ತಿದ್ದಳು. ಹೆತ್ತವಳು ನಾನು, ಚೀಲ ಹಿಡಿದುಕೊಂಡು ನೆಂಟರ ಹಾಗೆ ನಿಂತಿರುತ್ತಿದ್ದೆ.

ಕನ್ನಡದಲ್ಲಿ 'ಕೇಳು' ಅನ್ನುವುದು ಬಹಳ ದುಡಿಯುವ ಪದ. ಶಬ್ದ ಕೇಳುವುದಕ್ಕೂ ಅದೇ, ಪ್ರಶ್ನೆ ಕೇಳುವುದಕ್ಕೂ ಅದೇ, ಹೇಳಿದ ಮಾತಿನಂತೆ ನಡೆಯುವುದಕ್ಕೂ ಅದೇ. ಮಗಳು ನನ್ನ ಮಾತು ಕೇಳುವುದಿಲ್ಲ ಎಂದು ನಾನು ಕೊರಗಿದ್ದೆಲ್ಲ ಕೊನೆಯ ಅರ್ಥದಲ್ಲಿ. ಮೊದಲನೆಯ ಅರ್ಥ ಹೊಳೆಯಲೇ ಇಲ್ಲ. ಶಾಲೆಯಲ್ಲಿ ಊರವರ ಮಕ್ಕಳನ್ನು ದಿನಕ್ಕೆ ಹತ್ತು ಸಲ "ಏನೋ, ಕಿವಿ ಕೇಳಲ್ವಾ?" ಎಂದು ಗದರುವ ನಾನು, ನನ್ನ ಮಗುವಿನ ಬಗ್ಗೆ ಒಮ್ಮೆಯೂ ಹಾಗೆ ಯೋಚಿಸಲಿಲ್ಲ. ಇನ್ನೂ ಒಂದು ಮಾತೂ ಆಡುವುದಿಲ್ಲವಲ್ಲ ಎಂದರೆ ಅತ್ತೆ, "ಅವ್ರಪ್ಪಾನೂ ಬಾಯ್ ಬಿಟ್ಟಿದ್ದು ಮೂರ್ ವರ್ಷಕ್ಕೇ, ಸುಮ್ನಿರಮ್ಮ" ಅನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ.

ಒಂದು ಸಂಜೆ ತಡೆಯಲಾಗಲಿಲ್ಲ. "ಅಕ್ಕ, ಮಗೂಗೆ ನನ್ ಮೇಲೆ ಏನ್ ಹೇಳ್ಕೊಟ್ಟಿದ್ದೀರಿ? ಕರೆದ್ರೆ ತಿರುಗೂ ನೋಡಲ್ಲ!"

ಗಾಬರಿಯಾದರೆ ರತ್ನಕ್ಕನ ಬಾಯಲ್ಲಿ ಮೊದಲು ಬರುವುದು ತೆಲುಗು. "ಲೇದಮ್ಮಾ, ಇಲ್ಲ! ನಾನ್ ಅವಳನ್ನ ಕರೆಯೋದೇ ಇಲ್ಲ ಕಣೇ. ಕರೆದ್ರೆ ತಿರುಗಲ್ಲ ಅಂತ ಗೊತ್ತಾಗಿ ತಿಂಗಳಾಯ್ತು. ಅದಕ್ಕೇ ಎದುರಿಗೆ ಬಂದ್ ಕೂತ್ಕೋತೀನಿ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

ಅವಳು ತಲೆ ತಗ್ಗಿಸಿದಳು. "ಹೆಂಗ್ ಹೇಳ್ಲಿ? ದಿನಾ ನೀನು ನನ್ನ ಕಂಡ್ರೆ ಉರ್ಕೊಂಡೇ ಬರ್ತಿದ್ದೆ. ನಿನ್ ಮಗೂಗೆ ಐಬು ಹುಡುಕ್ತೀನಿ ಅನ್ಕೋತೀಯ ಅಂತ ಭಯ ಆಯ್ತು."

ನಾನು ಅಡುಗೆಮನೆಯಿಂದ ಸ್ಟೀಲಿನ ಪರಾತ ತಂದು ಮಗುವಿನ ಬೆನ್ನ ಹಿಂದೆ ಕಲ್ಲಿನ ಮೇಲೆ ಎತ್ತಿ ಹಾಕಿದೆ. ಕೋಳಿಗಳು ದಿಕ್ಕಾಪಾಲಾದವು, ಅತ್ತೆ ಹೊರಗೋಡಿ ಬಂದರು. ಮಾನ್ವಿ ಇನ್ನೊಂದು ಹೀಚನ್ನು ಸಾಲಿನಲ್ಲಿಟ್ಟಳು.

ಮರುದಿನವೇ ಕೋಲಾರದ ಆಸ್ಪತ್ರೆಗೆ ಹೋದೆವು. ಮಗು ನಿದ್ದೆಯಲ್ಲಿರುವಾಗ ತಲೆಗೆ ತಂತಿ ಅಂಟಿಸಿ ಮಾಡುವ ಪರೀಕ್ಷೆ. ನನ್ನ ತೊಡೆಯ ಮೇಲೆ ಅವಳು ಮಲಗಲೇ ಇಲ್ಲ, ರತ್ನಕ್ಕನ ತೊಡೆಯ ಮೇಲೆ ಕ್ಷಣದಲ್ಲಿ ಮಲಗಿದಳು. ಅಂಥ ಹೊತ್ತಿನಲ್ಲೂ ನನ್ನ ಹೊಟ್ಟೆ ತನ್ನ ಕೆಲಸ ಮರೆಯಲಿಲ್ಲ. ಎರಡೂ ಕಿವಿ ಮಂದ, ಶ್ರವಣ ಸಾಧನ ಹಾಕಿ ತರಬೇತಿ ಕೊಟ್ಟರೆ ಮಾತು ಬರುತ್ತದೆ, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಬೇಗವೇ? ನನ್ನ ಅಸೂಯೆ ಒಂದು ತಿಂಗಳನ್ನು ನುಂಗಿತ್ತು.

ಸಾಧನ ಹಾಕಿದ ದಿನ ಹಿಂದಿನಿಂದ ಕರೆಯಿರಿ ಎಂದರು. ನಾನು ರತ್ನಕ್ಕನನ್ನು ಮುಂದೆ ಬಿಟ್ಟೆ. ರತ್ನಕ್ಕ ಕರೆದಳು. ಮಗು ಬೆಚ್ಚಿ ತಿರುಗಿತು. ಆಮೇಲೆ ನಾನೂ ಕರೆದೆ. ನನ್ನ ಕಡೆಗೂ ತಿರುಗಿ, ಈ ಸದ್ದು ಎಲ್ಲಿಂದ ಬರುತ್ತಿದೆ ಎನ್ನುವ ಹಾಗೆ ನನ್ನ ಬಾಯನ್ನೇ ನೋಡಿದಳು. ನಾನೂ ರತ್ನಕ್ಕನೂ ಒಟ್ಟಿಗೆ ಅತ್ತೆವು.

ಹೊರಗೆ ಬೆಂಚಿನ ಮೇಲೆ ನಮ್ಮ ಪಕ್ಕ ಮುಳಬಾಗಿಲು ಕಡೆಯ ಒಬ್ಬಾಕೆ ಐದು ವರ್ಷದ ಮಗಳೊಂದಿಗೆ ಕುಳಿತಿದ್ದಳು. "ನಿಮ್ಮದಕ್ಕೆ ಎಷ್ಟು ವರ್ಷ?" ಎಂದಳು. ಹೇಳಿದೆ. "ನಮ್ಗೆ ಗೊತ್ತಾಗೋ ಹೊತ್ಗೆ ಇಷ್ಟು ದೊಡ್ಡೋಳಾದ್ಲು. ನೀವ್ ಪುಣ್ಯವಂತ್ರು" ಎಂದು ನನ್ನನ್ನು ನೋಡಿದಳು. ಆ ನೋಟವನ್ನು ಗುರುತು ಹಿಡಿಯಲು ನನಗಿಂತ ಅರ್ಹರು ಯಾರೂ ಇರಲಿಲ್ಲ. ಯಾರಾದರೂ ನನ್ನನ್ನು ಕಂಡು ಒಮ್ಮೆ ಕರುಬಲಿ ಎಂದು ಬಹಳ ದಿನಗಳಿಂದ ಆಸೆಯಿತ್ತು. ಸಿಕ್ಕಾಗ ಕೂತಲ್ಲೇ ಕುಗ್ಗಿಹೋದೆ.

"ನಾನಲ್ಲಮ್ಮ, ಗೊತ್ತು ಹಚ್ಚಿದ್ದು ನಮ್ಮಕ್ಕ" ಎಂದು ರತ್ನಕ್ಕನನ್ನು ತೋರಿಸಿದೆ.

ರತ್ನಕ್ಕ ಆ ಹುಡುಗಿಯ ಎದುರಿಗೆ ಮೊಣಕಾಲೂರಿ ಕುಳಿತು ಕಣ್ಣರಳಿಸಿ ಏನೋ ಹೇಳಿದಳು. ಐದು ನಿಮಿಷದಲ್ಲಿ ಆ ಹುಡುಗಿಯೂ ಅವಳ ಮಡಿಲಲ್ಲಿದ್ದಳು.

"ನನ್ ಹತ್ರ ಒಂದಿನಾನೂ ಹಿಂಗೆ ಕೂತಿಲ್ಲ ನೋಡಿ" ಎಂದಳು ಆ ತಾಯಿ, ದನಿಯಲ್ಲಿ ತುಸು ಉರಿ.

ನಾನು ಆ ತಾಯಿಯ ಪಕ್ಕಕ್ಕೆ ಸರಿದು, ಹತ್ತಿರ ಕುಳಿತೆ.