ಟೀ ಮುಟ್ಟದೆ ಹೇಳಿದ ಮಾತು

ಅವರ ಬಲಗೈ ತೋರುಬೆರಳು ತುದಿಯಲ್ಲಿ ಎಡಕ್ಕೆ ಸೊಟ್ಟಗಾಗಿತ್ತು. ನನ್ನತ್ತ ಬೆರಳು ಮಾಡಿ ಬೈದರೆ ಪಕ್ಕದಲ್ಲಿದ್ದವರು ಬೆಚ್ಚುತ್ತಿದ್ದರು. ಚಿತ್ರದುರ್ಗದ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಮಾಲೀಕರಮ್ಮ ಎಂದೇ ಕರೆಯುತ್ತಿದ್ದೆ. ಭರಮಸಾಗರದ ಒಂದು ಮದುವೆಯಲ್ಲಿ ಬೀಗರು ಪಂಕ್ತಿಯುದ್ದಕ್ಕೂ ಉಪಚಾರ ಹೇಳುತ್ತಾ ಬಂದರೆ, ಈ ಮಹಾತಾಯಿ "ಸಾರಿಗೆ ಉಪ್ಪು ಕಮ್ಮಿ ಆಗೈತ್ರಿ" ಎಂದುಬಿಟ್ಟಿದ್ದರು. ಪಕ್ಕದಲ್ಲೇ ಉಣ್ಣುತ್ತಿದ್ದ ನಾನು ಎಲೆಯಿಂದ ತಲೆ ಎತ್ತಲಿಲ್ಲ.

ಎರಡು ಸಾವಿರದ ದಶಕದ ಮಾತು. ನಾನು ಕೆಲಸಕ್ಕಿದ್ದ ಸಣ್ಣ ಟ್ರಾವೆಲ್ಸ್ ಕಚೇರಿಗೆ ವೆಬ್‌ಸೈಟ್ ಮಾಡಿದ್ದೆ. ಎಲ್ಲಿಗೆ, ಯಾವಾಗ, ಎಷ್ಟು ಜನ ಎಂದು ತುಂಬಿದರೆ ಬಸ್ಸು, ಲಾಡ್ಜು, ನೋಡುವ ಜಾಗ ಎಲ್ಲವನ್ನೂ ಅದೇ ಜೋಡಿಸಿಕೊಡುತ್ತಿತ್ತು. ಸೋಮವಾರ ಧಣಿಗಳು ಖುದ್ದಾಗಿ ಕೂತು ನೋಡುವವರಿದ್ದರು. ಜನರಿಗೆ ಬಳಸಲು ಬಾರದಿದ್ದರೆ ಅದೂ ಬೇಡ, ನೀನೂ ಬೇಡ ಎಂದಿದ್ದರು. ಅದಕ್ಕೇ ಪರಿಚಯದವರನ್ನು ಒಬ್ಬೊಬ್ಬರಾಗಿ ರೂಮಿಗೆ ಕರೆದು ಕಂಪ್ಯೂಟರ್ ಮುಂದೆ ಕೂರಿಸಿ, ಟೀ ಕಾಸಲು ಹೋಗುತ್ತಿದ್ದೆ. ಟೀ ಕುಡಿದು ಎಲ್ಲರೂ "ಭಾಳ ಚೆನ್ನಾಗೈತೆ" ಎಂದು ಹೋದರು. ನಾನು ಹಿಗ್ಗಿದೆ.

ಕೊನೆಗೆ ಮಾಲೀಕರಮ್ಮ ಬಂದರು. "ಟೀ ಬ್ಯಾಡ, ಕುಂತ್ಕ" ಎಂದರು. ಕೂತೆ.

ಹೊಳಲ್ಕೆರೆಯ ತಂಗಿಯ ಜೊತೆ ಗೋಕರ್ಣಕ್ಕೆ ಹೋಗಿ ಸಮುದ್ರ ನೋಡಬೇಕೆಂಬುದು ಅವರ ಬಹಳ ದಿನದ ಆಸೆ. ಸೊಟ್ಟ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿದರು. ಎಷ್ಟು ಜನ ಎಂಬಲ್ಲಿಗೆ ಬಂದಾಗ ಎದ್ದು, ಕೆಳಗಿಳಿದು ತಂಗಿಗೆ ಫೋನ್ ಮಾಡಿದರು. ತಂಗಿ ಬರಬೇಕಾದರೆ ಅವಳ ನಾದಿನಿ ಬರಬೇಕು, ನಾದಿನಿ ಬರಬೇಕಾದರೆ ರಾಮಗಿರಿಯ ಬೀಗಿತ್ತಿ ಬರಬೇಕು. ಎಲ್ಲ ಇತ್ಯರ್ಥ ಮಾಡಿ ಮೇಲೆ ಬರುವಷ್ಟರಲ್ಲಿ ತುಂಬಿದ್ದೆಲ್ಲ ಅಳಿಸಿಹೋಗಿ, ಸಮಯ ಮೀರಿದೆ, ಮೊದಲಿನಿಂದ ಆರಂಭಿಸಿ ಎಂದು ಪರದೆ ಹೇಳುತ್ತಿತ್ತು.

"ಏನಪ್ಪ ಇದು? ಮನೆಗೆ ಬಂದೋರು ಒಂದ್ ಮಾತು ಕೇಳ್ಕಂಡ್ ಬರಾಕೆ ಹೊರಗೋದ್ರೆ ಬಾಗ್ಲು ಹಾಕ್ಕಂಬಿಡಾದಾ? ನಾಕ್ ಜನನ್ನ ಕೇಳ್ದೆ ನಾವು ಊರು ಬಿಡ್ತೀವೇನು?"

ನನಗೆ ರೇಗಿತು. "ಬೇರೆ ಯಾರೂ ಹಿಂಗೆ ಅನ್ನಲಿಲ್ಲ" ಎಂದೆ.

"ನೀನು ಟೀ ಕೊಟ್ಟೆ. ಟೀ ಕುಡ್ದ ಬಾಯಾಗೆ ಚೆನ್ನಾಗಿಲ್ಲ ಅಂತಾರೇನ್ಲೇ? ಹೋಗಿ ಕೇಳು."

ಟೀ ಕುಡಿದು ಹೊಗಳಿದವರನ್ನೆಲ್ಲ ಹೋಗಿ ಕೇಳಿದೆ. ಮನೆಯವರಿಗೊಂದು ಫೋನ್ ಮಾಡಿ ವಿಚಾರಿಸುವಷ್ಟರಲ್ಲಿ ಅವರಿಗೂ ಎಲ್ಲ ಅಳಿಸಿಹೋಗಿತ್ತಂತೆ. ನನಗೆ ಬೇಜಾರಾದೀತೆಂದು ಸುಮ್ಮನಿದ್ದರಂತೆ. ಭಾನುವಾರವೆಲ್ಲ ಕೂತು, ಅರ್ಧಕ್ಕೆ ಎದ್ದು ಹೋದವರು ಬಿಟ್ಟಲ್ಲಿಂದಲೇ ಮುಂದುವರಿಸುವಂತೆ ಸರಿಪಡಿಸಿದೆ.

ಸೋಮವಾರ ಧಣಿಗಳು ಕೂತರು. ನಡುವೆ ಅವರ ಫೋನ್ ರಿಂಗಾಯಿತು. ಮಾತಾಡುತ್ತಾ ಹೊರಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಬಾಗಿಲನ್ನೊಮ್ಮೆ, ಪರದೆಯನ್ನೊಮ್ಮೆ ನೋಡುತ್ತಾ ನಿಂತೆ. ಕೊನೆಗೂ ಬಂದರು, ನೋಡಿದರು. ತುಂಬಿದ್ದೆಲ್ಲ ಹಾಗೇ ಇತ್ತು. ಉಳಿದದ್ದನ್ನು ತುಂಬಿ ಮುಗಿಸಿ ಎದ್ದು, "ಊಟ ಆತೇನು?" ಎಂದು ಕೇಳಿದರು. ಅಬ್ಬಾ, ಕೆಲಸ ಉಳಿಯಿತು! ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡೆ.

ಅದೇ ವೆಬ್‌ಸೈಟಿನಲ್ಲಿ ಎಲ್ಲ ಗೊತ್ತುಮಾಡಿಕೊಂಡು ಆ ಹೆಂಗಸರು ಗೋಕರ್ಣಕ್ಕೂ ಹೋಗಿಬಂದರು. ಕೆಲವು ವರ್ಷಗಳ ಮೇಲೆ ಮಾಲೀಕರಮ್ಮ ತೀರಿಕೊಂಡರು. ನನ್ನ ಅನ್ನ ಉಳಿಸಿದವರು ಅವರು. ಈಗಲೂ ನಾನು ಮಾಡಿದ್ದು ಹೇಗಿದೆ ಎಂದು ಯಾರನ್ನಾದರೂ ಕೇಳುವುದಿದ್ದರೆ ಟೀ ಕೊಡುವ ಮುಂಚೆಯೇ ಕೇಳುತ್ತೇನೆ.

ಅವರನ್ನು ಮಣ್ಣು ಮಾಡಿ ಬಂದ ದಿನ ಜಗಲಿಯಲ್ಲಿ ಅವರ ತಂಗಿಯ ಪಕ್ಕ ಕೂತಿದ್ದೆ. ದುಃಖ ತಡೆಯಲಾಗುತ್ತಿರಲಿಲ್ಲ. ತಂಗಿ ಕಣ್ಣೊರೆಸಿಕೊಂಡು ಹೇಳಿದರು: "ಗೋಕರ್ಣದಾಗೆ ನಮ್ಮಕ್ಕ ಸಮುದ್ರಕ್ಕೆ ಕೈಮುಗಿದು, ಒಂದ್ ಬೊಗಸೆ ನೀರು ಬಾಯಿಗೆ ಹಾಕ್ಕಂಡ್ಲಪ್ಪ. ಏನಂದ್ಲು ಗೊತ್ತೇನು? ಉಪ್ಪು ಜಾಸ್ತಿ ಆಗೈತೆ ಅಂದ್ಲು."

ಅಳುತ್ತಿದ್ದ ನಾನು ನಕ್ಕುಬಿಟ್ಟೆ.