ಹೆಂಗಸರ ಕೈ ತಾಗದ ಕಾರು

ಬೆಳಗಿನ ಕಾಫಿ ಕುಡಿಯುತ್ತ ಮೊಬೈಲು ನೋಡುತ್ತಿದ್ದಾಗ ನಮ್ಮ ಮಾವನ ಹಳೇ ಕಾರು ಮಾರಾಟಕ್ಕಿರುವುದು ಕಣ್ಣಿಗೆ ಬಿತ್ತು. ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು. ನಂಬರ್ ಪ್ಲೇಟ್ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಕೆಳಗೆ ಬರೆದಿತ್ತು: ‘ಅಪರೂಪದ ಕೊನೇ ವರ್ಷದ ಮಾಡೆಲ್. ಯಜಮಾನರೊಬ್ಬರೇ ಓಡಿಸಿದ್ದು. ಹೆಂಗಸರ ಕೈ ತಾಗಿಲ್ಲ, ಗೇರ್‌ಬಾಕ್ಸ್ ಗ್ಯಾರಂಟಿ.’ ಓದಿ ಮೈ ಉರಿದುಹೋಯಿತು. ಸಿಟ್ಟಿನಲ್ಲಿ ಕಾಫಿ ಆರಿತು, ಆರಿದ ಕಾಫಿ ಕುಡಿದು ಸಿಟ್ಟು ಇನ್ನಷ್ಟು ಏರಿತು.

ಮೊದಲು ಈ ‘ಕೊನೇ ವರ್ಷ’ದ ವಿಷಯ ಹೇಳಿಬಿಡುತ್ತೇನೆ, ನೀವೇ ನ್ಯಾಯ ಹೇಳಿ. ಮಾವನ ಕಾರ್ಖಾನೆಯಲ್ಲಿದ್ದ ವಿದೇಶಿ ಇಂಜಿನಿಯರು ತನ್ನ ದೇಶಕ್ಕೆ ಹೊರಟಾಗ ಆ ಕಾರನ್ನು ಮಾವನಿಗೆ ಮಾರಿದ. (‘ಯಜಮಾನರೊಬ್ಬರೇ’ ಎನ್ನುವ ಜಾಹೀರಾತು ಅವನನ್ನು ಮರೆತೇಬಿಟ್ಟಿದೆ.) ಅಷ್ಟರಲ್ಲಿ ಕಂಪನಿ ಆ ಮಾಡೆಲನ್ನೇ ನಿಲ್ಲಿಸಿತ್ತು. ರಾಜಾಜಿನಗರದ ನಮ್ಮ ಬೀದಿಯೆಲ್ಲ ನಕ್ಕಿತು. “ನಿಂತುಹೋದ ಗಾಡಿ ತಂದವ್ರಲ್ಲ, ಒಂದು ನಟ್ಟು ಬಿದ್ದೋದ್ರೆ ಎಲ್ಲಿ ಹುಡುಕ್ತಾರೆ?” ಎಂದು ಎದುರುಮನೆಯವರು ಕಾಂಪೌಂಡಿಗೆ ಒರಗಿ ಕೇಳುತ್ತಿದ್ದರು. ಅಂದಿನ ಆ ಕುಂದೇ ಇಂದು ಒಡವೆಯಾಗಿದೆ. ವರ್ಷಗಟ್ಟಲೆ ಕಾಲಿಡದ ಹೋಟೆಲು ಮುಚ್ಚುತ್ತದೆಂದು ಗೊತ್ತಾದ ದಿನ ಮಸಾಲೆದೋಸೆಗೆ ಕ್ಯೂ ನಿಲ್ಲುವ ಜನ ನಾವು. ನಾನೂ ನಿಂತಿದ್ದೇನೆ, ಚಟ್ನಿ ಖಾಲಿಯಾಗಿತ್ತು.

ಆದರೂ ಕಾರು ಚೆಂದವಿತ್ತು, ಸುಳ್ಳು ಹೇಳಬಾರದು. ನೆಲಕ್ಕೆ ಅಂಟಿದಂತೆ ಕೂತ ಮೈ, ಉದ್ದ ಮೂಗು. ಮೈಸೂರು ರಸ್ತೆಯಲ್ಲಿ ಹೊರಟರೆ ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಹಿಂದಿನ ಸೀಟು ಹೆಸರಿಗೆ ಮಾತ್ರ. ಮೊಣಕಾಲನ್ನು ಗಲ್ಲಕ್ಕೆ ಆನಿಸಿಕೊಂಡು ಅಲ್ಲಿ ಕೂರುತ್ತಿದ್ದವನು ನಾನು. ಹಾಗಾಗಿ ಗುಟ್ಟು ನನಗೆ ಗೊತ್ತು. ಮಾವನಿಗೆ ಟ್ರಾಫಿಕ್ ಎಂದರೆ ಕೈಕಾಲು ನಡುಕ. ಮನೆಯಿಂದ ಗತ್ತಿನಲ್ಲಿ ಹೊರಟವರು ಮೂಲೆಯ ಹಿಟ್ಟಿನ ಗಿರಣಿ ದಾಟುತ್ತಲೇ ಇಳಿದು ಪಕ್ಕದ ಸೀಟಿಗೆ ಬರುತ್ತಿದ್ದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಸ್ಟಿಯರಿಂಗ್ ಹಿಡಿಯುತ್ತಿದ್ದರು. ಕೆಂಗೇರಿಗೆ ಹೋಗಿ ಬರುವವರೆಗೂ ಅತ್ತೆಯದೇ ಸಾರಥ್ಯ. ವಾಪಸ್ಸು ಬರುವಾಗ ಗಿರಣಿಯ ಹತ್ತಿರ ಮತ್ತೆ ಅದಲುಬದಲು. “ಯಾಕತ್ತೆ ಇಳೀತೀರ?” ಎಂದರೆ, “ಬೀದಿಯೋರು ನಿಮ್ಮ ಮಾವನ್ನ ಆಡ್ಕೋತಾರೆ ಕಣೋ, ಸುಮ್ನಿರು” ಎನ್ನುತ್ತಿದ್ದರು.

ಮಾವ ತೀರಿಕೊಂಡ ಮೇಲೆ ಅತ್ತೆ ಕಾರನ್ನು ಮಾರಿದ್ದರು. ಈಗ ಅದು ಮತ್ತೆ ಮಾರಾಟಕ್ಕಿದೆ ಎಂದಷ್ಟೇ ಅವರಿಗೆ ಫೋನಿನಲ್ಲಿ ತಿಳಿಸಿದೆ. ಆ ಕೆಟ್ಟ ಸಾಲು ಓದಲು ಬಾಯಿ ಬರಲಿಲ್ಲ. “ಒಂದ್ಸಲ ನೋಡ್ಕೊಂಡ್ ಬರೋಣ” ಎಂದರು. ನಾಯಂಡಹಳ್ಳಿಯ ಶೆಡ್ಡಿನಲ್ಲಿ ಅತ್ತೆ ಬಾನೆಟ್ಟಿನ ಮೇಲೆ ಕೈಯಿಟ್ಟರೋ ಇಲ್ಲವೋ, ಮಾರುವವನು ಓಡಿಬಂದ. “ಆಂಟಿ, ಮುಟ್ಬೇಡಿ, ಪಾಲಿಶ್ ಮಾಡ್ಸಿದೀವಿ.”

ನಾನು ಸಿಡಿದೆ. “ಹೆಂಗಸ್ರ ಕೈ ತಾಗಿಲ್ಲ ಅಂತ ಯಾರ್ರೀ ಹೇಳಿದ್ದು ನಿಮಗೆ?”

“ಯಜಮಾನ್ರೊಬ್ರೇ ಓಡಿಸ್ತಿದ್ದದ್ದು ಅಂತ ಆ ಮನೆಯೋರೇ ಗಾಡಿ ಮಾರೋವಾಗ ನಮ್ಮಪ್ಪಂಗೆ ಹೇಳಿದ್ರು ಸಾರ್. ಲೇಡೀಸ್ ಓಡ್ಸಿದ್ರೆ ಗೇರ್‌ಬಾಕ್ಸ್ ಇಷ್ಟು ಚೆನ್ನಾಗಿರ್ತಿತ್ತಾ?”

ಅತ್ತೆಯ ಕಡೆ ತಿರುಗಿದೆ. ಅವರು ತಲೆ ತಗ್ಗಿಸಿದ್ದರು. “ಯಜಮಾನ್ರು ಓಡಿಸ್ತಿದ್ರು ಅಂತ ನಾನೇ ಹೇಳಿದ್ದು ಕಣೋ. ಹೋದೋರ ಮರ್ಯಾದೆ ಯಾಕೆ ತೆಗೀಬೇಕು ಅಂತ.”

ಬೆಳಗಿನಿಂದ ಯಾರಿಗಾಗಿ ಕುದಿಯುತ್ತಿದ್ದೆನೋ ಅವರೇ ಈ ಸುಳ್ಳಿನ ಮೂಲ! ನನ್ನ ಸಿಟ್ಟಿಗೆ ನಿಲ್ಲಲು ಜಾಗವಿಲ್ಲದಂತಾಯಿತು. ಮಾವನ ಮೇಲೆ, ಬೀದಿಯ ಮೇಲೆ, ಇಷ್ಟು ವರ್ಷ ಸುಮ್ಮನಿದ್ದ ಅತ್ತೆಯ ಮೇಲೂ ಕೋಪ ಬಂತು. ಆದರೆ ಅತ್ತೆ ತಲೆ ಎತ್ತಿದ್ದರು.

“ಗೇರ್‌ಬಾಕ್ಸ್ ಮಾತು ನಾನು ಹೇಳಿರ್ಲಿಲ್ಲ” ಎಂದರು. ಆ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. “ನೋಡಪ್ಪಾ, ನಮ್ಮ ಯಜಮಾನ್ರು ಗಿರಣಿವರೆಗೆ ಓಡಿಸ್ತಿದ್ರು, ಅಷ್ಟೇ. ಮಿಕ್ಕಿದ್ದೆಲ್ಲಾ ನಾನು. ಗೇರ್‌ಬಾಕ್ಸ್ ನೆಟ್ಟಗಿರೋದು ನನ್ನ ಕೈಯಿಂದ. ಹಂಗಂತ ಬರಿ.”

“ಹಂಗೆ ಹಾಕಿದ್ರೆ ಯಾರೂ ತಗೊಳಲ್ಲ ಆಂಟಿ.”

“ತಗೊಳೋದು ಬೇಡ. ಬರಿ.”

ಅವನು ನನ್ನ ಮುಖ ನೋಡಿದ. ನಾನು ಕದಲಲಿಲ್ಲ. ಕೊನೆಗೆ ಮೊಬೈಲು ತೆಗೆದು, “ಹೆಸರು?” ಎಂದ.

“ಸರೋಜಮ್ಮ” ಎಂದರು ಅತ್ತೆ. ಅವನು ಟೈಪು ಮಾಡುವುದನ್ನು ಬಗ್ಗಿ ನೋಡುತ್ತ ಮತ್ತೆ ಹೇಳಿದರು: “ಅಷ್ಟು ಕೆಳಗಲ್ಲಪ್ಪಾ. ಕೊನೇ ವರ್ಷದ ಮಾಡೆಲ್ ಅಂತಿದ್ಯಲ್ಲ, ಅದಕ್ಕಿಂತ ಮೇಲೆ ಹಾಕು.”